ನಿಂಬೆಹಣ್ಣಿನ ತೂಕದ ಕಾರು

ಒಂದು ಶನಿವಾರ ಸಂಜೆ ಮಗಳು ಶಾಪ್‌ಗೆ ಬಂದು ನನ್ನ ಮೇಜಿನ ಮೇಲೆ ಇಟ್ಟಿಗೆಯಂಥದ್ದೊಂದನ್ನು ಇಟ್ಟಳು. ಎತ್ತಿ ನೋಡಿದರೆ ತೂಕವೇ ಇಲ್ಲ. ಉಗುರಿನಲ್ಲಿ ಒತ್ತಿದೆ, ಗುರುತು ಬಿತ್ತು.

"ಉಗುರು ಹಾಕ್ಬೇಡ ಅಪ್ಪ! ನಮ್ಮ ಹತ್ರ ಇರೋದೇ ನಾಲ್ಕು ಬ್ಲಾಕು."

"ಏನಮ್ಮ ಇದು, ಥರ್ಮೋಕೋಲಾ?"

"ಕಾರು," ಅಂದಳು. "ಇನ್ನೂ ಆಗಿಲ್ಲ. ನೀನು ಮಿಲ್ಲಿಂಗ್ ಮಾಡ್ಕೊಟ್ರೆ ಆಗತ್ತೆ."

ಪೀಣ್ಯ ಎರಡನೇ ಹಂತದಲ್ಲಿ ನನ್ನದೊಂದು ಸಣ್ಣ ಶಾಪ್ ಇದೆ. ಕಂಪ್ಯೂಟರ್ ಹೇಳಿದ ಹಾಗೆ ಕೆತ್ತುವ ಒಂದು ವಿಎಂಸಿ, ಹಾಗೇ ತಿರುವುವ ಒಂದು ಸಿಎನ್‌ಸಿ ಟರ್ನಿಂಗ್, ಜೊತೆಗೆ ನಾನು ಕೆಲಸ ಕಲಿತ ಹಳೇ ಲೇತ್. ಪಂಪು, ವಾಲ್ವುಗಳ ಬಿಡಿಭಾಗಗಳ ಜಾಬ್ ವರ್ಕ್ ಮಾಡುತ್ತೇವೆ. ಉಕ್ಕು, ಹಿತ್ತಾಳೆ, ಅಲ್ಯೂಮಿನಿಯಂ ನನಗೆ ಗೊತ್ತು. ಗಾಳಿ ಬೀಸಿದರೆ ಹಾರಿಹೋಗುವ ಫೋಮ್ ಅನ್ನು ಮೆಷಿನ್ನಿಗೆ ಕಟ್ಟಿದ್ದು ಅದೇ ಮೊದಲು.

ಆಗ ಅವಳು ಒಂಬತ್ತನೇ ಕ್ಲಾಸು. ಎಫ್1 ಇನ್ ಸ್ಕೂಲ್ಸ್ ಅನ್ನೋ ಸ್ಪರ್ಧೆಗೆ ಶಾಲೆಯಿಂದ ಆರು ಮಕ್ಕಳ ತಂಡ ಕಟ್ಟಿದ್ದರು. 2025ರಿಂದ ಅದಕ್ಕೆ ಸ್ಟೆಮ್ ರೇಸಿಂಗ್ ಅಂತ ಹೊಸ ಹೆಸರು. 1999ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು. ಶುರು ಮಾಡಿದ ಆಂಡ್ರ್ಯೂ ಡೆನ್‌ಫರ್ಡ್ ಅವರ ಮನೆತನದ ಕಂಪನಿ ಶಾಲೆಗಳಿಗೆ ಸಣ್ಣ ಸಿಎನ್‌ಸಿ ಮೆಷಿನ್ ಮಾಡುವ ಕಂಪನಿಯಂತೆ. ಅದನ್ನು ಕೇಳಿದ ಮೇಲೆ ನನಗೆ ಈ ವಿಷಯದಲ್ಲಿ ಸ್ವಲ್ಪ ಗೌರವ ಬಂತು. ನಮ್ಮ ಕಸುಬಿನವರು ಅಲ್ವಾ.

ಆಟ ಹೀಗಿದೆ. ಕಂಪ್ಯೂಟರಿನಲ್ಲಿ ಕಾರಿನ ಡಿಸೈನ್ ಮಾಡಬೇಕು. ಅವರೇ ಹೇಳಿದ ಬ್ಲಾಕಿನಲ್ಲಿ ಬಾಡಿ ಕೆತ್ತಬೇಕು. ಮೊದಲು ಬಾಲ್ಸಾ ಮರ ಇತ್ತು, ಈಗ ಪಾಲಿಯುರಿಥೇನ್ ಫೋಮ್. ಕಾರಿನ ಹಿಂದೆ 8 ಗ್ರಾಂ ಕಾರ್ಬನ್ ಡೈ ಆಕ್ಸೈಡ್ ತುಂಬಿದ ಬೆರಳುದ್ದದ ಸಿಲಿಂಡರ್ ಕೂರುತ್ತದೆ. ಲಾಂಚ್ ಮಾಡುವ ಯಂತ್ರದ ಸೂಜಿ ಅದನ್ನು ಚುಚ್ಚಿದರೆ ಗ್ಯಾಸು ಹಿಂದಕ್ಕೆ, ಕಾರು ಮುಂದಕ್ಕೆ. ಟ್ರ್ಯಾಕ್ 20 ಮೀಟರ್. ಕಾರು ದಾರಿ ತಪ್ಪದ ಹಾಗೆ ಹೊಟ್ಟೆಯಡಿ ಎರಡು ಕೊಂಡಿ, ಅದರೊಳಗೆ ನೈಲಾನ್ ದಾರ. ಒಂದು ಸೆಕೆಂಡು ಮತ್ತು ಚೂರು. ಮುಗೀತು. ಒಂದು ವರ್ಷದ ಕೆಲಸ, ಒಂದು ಸೀನು ಸೀನುವಷ್ಟು ಹೊತ್ತಿನ ಓಟ.

ಮೊದಲ ದಿನವೇ ಮಗಳು ಒಂದು ಷರತ್ತು ಹಾಕಿದಳು. ಮೆಷಿನಿಂಗ್ ಹೊರಗೆ ಮಾಡಿಸಬಹುದು, ಆದರೆ ಅದನ್ನು ಬರೆದು ತೋರಿಸಬೇಕು. ಡಿಸೈನ್ ಮಾತ್ರ ಪೂರ್ತಿ ಮಕ್ಕಳದ್ದೇ ಆಗಿರಬೇಕು. "ಡ್ರಾಯಿಂಗ್ ನಮ್ದು, ಜಾಬ್ ವರ್ಕ್ ನಿಂದು. ನೀನು ಏನೂ ಬದಲಾಯಿಸೋ ಹಾಗಿಲ್ಲ."

ಇಪ್ಪತ್ತು ವರ್ಷದಿಂದ ಕಸ್ಟಮರ್‌ಗಳು ನನಗೆ ಹೇಳುತ್ತಿರುವುದೂ ಅದನ್ನೇ. ಸರಿ ಅಂದೆ.

ಮೊದಲ ಬಾಡಿ ಕೆಟ್ಟಿತು. ಲೋಹಕ್ಕೆ ಬಿಡುವ ಹಾಗೆ ತಂಪು ಮಾಡುವ ಕೂಲಂಟ್ ಬಿಡುವಂತಿಲ್ಲ, ಫೋಮ್ ಪುಡಿ ಅದರ ಜೊತೆ ಸೇರಿದರೆ ಟ್ಯಾಂಕಿನಲ್ಲಿ ಗಂಜಿಯಾಗುತ್ತದೆ. ಹಾಗಾಗಿ ಒಣಗಿದ್ದಂಗೇ ಕಟ್ ಮಾಡಿದೆವು. ಪುಡಿ ಎಳೆಯಲು ಮನೆಯ ವ್ಯಾಕ್ಯೂಮ್ ಕ್ಲೀನರ್ ತಂದಿದ್ದೆ. ಅದು ಮತ್ತೆ ಮನೆಗೆ ವಾಪಸ್ ಹೋಗಲಿಲ್ಲ. ಆ ವಿಚಾರ ಇಲ್ಲಿ ಬೇಡ.

ಪುಡಿಗಿಂತ ದೊಡ್ಡ ತಲೆನೋವು ಹಿಡಿಯುವುದು. ವೈಸ್‌ನಲ್ಲಿ ಬಿಗಿ ಮಾಡಿದರೆ ಬ್ಲಾಕು ಅಪ್ಪಚ್ಚಿ. ಸಡಿಲ ಬಿಟ್ಟರೆ ಕಟರ್ ಎಳೆದುಕೊಂಡು ಹೋಗುತ್ತದೆ. ಎಡಗಡೆ ಒಂದು ಸೆಟ್ಟಿಂಗ್, ಬಲಗಡೆ ಒಂದು ಸೆಟ್ಟಿಂಗ್ ಮಾಡಿದೆವು. ತಿರುಗಿಸಿ ಕಟ್ಟುವಾಗ 0.3 ಮಿ.ಮೀ. ಹೆಚ್ಚುಕಮ್ಮಿಯಾಯಿತು. ಕಾರಿನ ಬೆನ್ನ ಮೇಲೆ ಉದ್ದಕ್ಕೂ ಒಂದು ಮೆಟ್ಟಿಲು. ನಮ್ಮ ಆಪರೇಟರ್ ಹುಬ್ಬಳ್ಳಿ ಕಡೆಯವನು. "ಉಪ್ಪಿನ ಕಾಗದ ಹಾಕಿ ಉಜ್ಜಿದ್ರ ಹೋಗತೈತಿ ಬಿಡ್ರಿ ಅಣ್ಣಾರ" ಅಂದ. ಮಕ್ಕಳು ಒಪ್ಪಲಿಲ್ಲ. ಉಜ್ಜಿದರೆ ಎಡ ಒಂದು ಆಕಾರ, ಬಲ ಒಂದು ಆಕಾರ ಆಗುತ್ತೆ ಅಂದರು.

ಆ ತಂಡದಲ್ಲಿ ಕನ್ನಡಕ ಹಾಕಿದ, ಮಾತೇ ಆಡದ ಒಬ್ಬ ಹುಡುಗ ಇದ್ದ. ಅವನು ಸುಮ್ನೆ ಕೂತು ನೋಡುತ್ತಿದ್ದವನು, "ಅಂಕಲ್, ಸಿಲಿಂಡರ್ ಕೂರೋ ತೂತಿಗೆ ಒಂದು ರಾಡ್ ಹಾಕಿ ಅದನ್ನೇ ಹಿಡಿದ್ರೆ?" ಅಂದ. ನಾನು ಅವನ ಮುಖ ನೋಡಿದೆ. ಎರಡೂ ಸೆಟ್ಟಿಂಗಿಗೆ ಒಂದೇ ಡೇಟಮ್, ಅಂದರೆ ಅಳತೆ ಶುರುವಾಗುವ ಜಾಗ ಒಂದೇ. ಡಿಪ್ಲೊಮಾ ಮಾಡಿ ಕೆಲಸಕ್ಕೆ ಬರುವ ಹುಡುಗರಿಗೆ ನಾನು ಆರು ತಿಂಗಳು ಹೇಳಿಕೊಡುವ ವಿಷಯ ಅದು. ನನಗೇ ಹೊಳೆದಿರಲಿಲ್ಲ. ಅಲ್ಯೂಮಿನಿಯಂನಲ್ಲಿ ಒಂದು ಮ್ಯಾಂಡ್ರಲ್, ಅಂದರೆ ಅವನು ಹೇಳಿದ ಆ ರಾಡ್, ಲೇತಿನಲ್ಲಿ ತಿರುವಿ, ಬ್ಲಾಕನ್ನು ಅದಕ್ಕೆ ಏರಿಸಿ ಹಿಡಿದೆವು. ಎರಡನೇ ಬಾಡಿಯಲ್ಲಿ ಮೆಟ್ಟಿಲು ಇರಲಿಲ್ಲ.

ಮಕ್ಕಳ ತಲೆಯಲ್ಲಿ ಆಗ ಪೂರ್ತಿ ಗಾಳಿಯೇ ತುಂಬಿತ್ತು. ಮುಂದಿನ ರೆಕ್ಕೆ ಎಷ್ಟು ಡಿಗ್ರಿ, ಚಕ್ರದ ಹಿಂದೆ ಗಾಳಿ ಹೇಗೆ ಸುತ್ತುತ್ತದೆ, ಅದರ ಬಣ್ಣ ಬಣ್ಣದ ಚಿತ್ರಗಳು. 3ಡಿ ಪ್ರಿಂಟ್ ಮಾಡಿದ ಮೂಗು, ರೆಕ್ಕೆಗಳು ವಾರಕ್ಕೊಂದು ನಮೂನೆ ಬರುತ್ತಿದ್ದವು. ನನಗೆ ಅದೆಲ್ಲ ಅರ್ಥವಾಗದು. ಆದರೆ ಚಕ್ರ ಅರ್ಥವಾಗುತ್ತದೆ. ಚಕ್ರ ಕೈಯಲ್ಲಿ ಹಿಡಿದು ತಿರುಗಿಸಿದ ತಕ್ಷಣ ಗೊತ್ತಾಯಿತು, ಇವರ ಸಮಯ ಎಲ್ಲಿ ಸೋರುತ್ತಿದೆ ಅಂತ.

ಆ ಚಕ್ರಗಳೂ ಪ್ರಿಂಟ್ ಮಾಡಿದವು. ಚಕ್ರದ ಓಲಾಟ ಅಳೆಯುವ ಡಯಲ್ ಇಟ್ಟು ನೋಡಿದರೆ ಮುಳ್ಳು ಎತ್ತಿನಗಾಡಿಯಂತೆ ಕುಣಿಯಿತು. ಇನ್ನೊಂದು ವಿಷಯ ಅವರ ಫಿಸಿಕ್ಸ್ ಪುಸ್ತಕದಲ್ಲೇ ಇತ್ತು, ಯಾರೂ ಕಾರಿಗೆ ಹಚ್ಚಿ ನೋಡಿರಲಿಲ್ಲ. ಬಾಡಿಯಲ್ಲಿರುವ ಒಂದು ಗ್ರಾಂ ಮುಂದೆ ಹೋದರೆ ಸಾಕು. ಚಕ್ರದ ಅಂಚಿನಲ್ಲಿರುವ ಒಂದು ಗ್ರಾಂ ಮುಂದೂ ಹೋಗಬೇಕು, ಸುತ್ತಲೂಬೇಕು. ಅದಕ್ಕೆ ಸುಮಾರು ಎರಡು ಗ್ರಾಂನಷ್ಟು ಬಲ ಖರ್ಚು. ಕಾರಿಗೆ ಕನಿಷ್ಠ ತೂಕದ ನಿಯಮ ಇದೆ, ನಮ್ಮ ಸಲ ಸಿಲಿಂಡರ್ ಬಿಟ್ಟು 50 ಗ್ರಾಂ. ಅಂದ ಮೇಲೆ ಚಕ್ರದಲ್ಲಿ ಉಳಿಸಿದ ತೂಕವನ್ನು ಬಾಡಿಗೆ ಕೊಟ್ಟರೆ ಲಾಭವೇ. ಇದನ್ನು ನಾನು ಹೇಳಲಿಲ್ಲ. ಹೇಳುವ ಹಾಗಿರಲಿಲ್ಲ. "ಚಕ್ರ ಯಾಕಿಷ್ಟು ಭಾರ?" ಅಂತ ಮಾತ್ರ ಕೇಳಿದೆ. ಎರಡು ದಿನ ಬಿಟ್ಟು ಮಗಳು ಹೊಸ ಡ್ರಾಯಿಂಗ್ ತಂದಳು. ಡೆಲ್ರಿನ್ ಅನ್ನೋ ಗಟ್ಟಿ ಪ್ಲಾಸ್ಟಿಕ್‌ನಲ್ಲಿ ತಿರುವಿದ, ಒಳಗೆ ಟೊಳ್ಳಾದ, ತೆಳು ಗೋಡೆಯ ಚಕ್ರ. ಅಗಲದ ಅಳತೆ ನಿಯಮದ ಕನಿಷ್ಠಕ್ಕಿಂತ ಬರೀ 0.05 ಮಿ.ಮೀ. ಜಾಸ್ತಿ.

ಈ 0.05 ನೆನಪಿಟ್ಟುಕೊಳ್ಳಿ.

ಬೇರಿಂಗಿನದ್ದು ಇನ್ನೊಂದು ಕಥೆ. ಕಿರುಬೆರಳಿನ ಉಗುರಿನ ಮೇಲೆ ಕೂರುವಂಥ ಬೇರಿಂಗ್‌ಗಳು. ಹೊಸದಾಗಿ ಬಂದಾಗ ಒಳಗೆ ಗ್ರೀಸ್ ತುಂಬಿರುತ್ತದೆ. ವರ್ಷಗಟ್ಟಲೆ ತಿರುಗುವ ಮೋಟಾರಿಗೆ ಅದು ಬೇಕು. ಒಂದು ಸೆಕೆಂಡು ತಿರುಗುವ ಕಾರಿಗೆ ಅದು ಕೆಸರು. ಮಕ್ಕಳು ಯಾವುದೋ ವಿಡಿಯೋ ನೋಡಿ ಸ್ಪಿರಿಟ್‌ನಲ್ಲಿ ತೊಳೆದರು, ಗ್ರೀಸ್ ಪೂರ್ತಿ ಬಿಡಲಿಲ್ಲ. ಆಮೇಲೆ ಪೆಟ್ರೋಲ್. ಆ ಕೆಲಸ ನನ್ನ ಕಣ್ಣೆದುರು, ಬಾಗಿಲು ತೆರೆದಿಟ್ಟು. ತೊಳೆದು ಒಣಗಿಸಿ, ಸೂಜಿಯ ತುದಿಯಲ್ಲಿ ಒಂದೊಂದು ಹನಿ ಹೊಲಿಗೆ ಮೆಷಿನ್ ಎಣ್ಣೆ. ಚಕ್ರವನ್ನು ಬೆರಳಲ್ಲಿ ಒಂದು ಸಲ ತಳ್ಳಿ ಫೋನಿನಲ್ಲಿ ಟೈಮ್ ನೋಡಿದರು. ಮುಂಚೆ 9 ಸೆಕೆಂಡಿಗೆ ನಿಲ್ಲುತ್ತಿದ್ದ ಚಕ್ರ 40 ದಾಟಿಯೂ ಸುತ್ತುತ್ತಿತ್ತು. ಆರೂ ಜನ ಉಸಿರು ಹಿಡಿದು ಅದನ್ನೇ ನೋಡುತ್ತಾ ಕೂತಿದ್ದರು. ನಾನೂ.

ಆಯುಧಪೂಜೆ ದಿನ ಆ ಕಾರನ್ನೂ ಪೂಜೆಗೆ ಇಟ್ಟೆವು. ವಿಎಂಸಿಗೆ ಹಾರ, ಲೇತಿಗೆ ಹಾರ, ವರ್ನಿಯರ್‌ಗೂ ಹೂವು. ನನ್ನ ಹೆಂಡತಿ ಕಾರಿನ ಮೂಗಿಗೆ ಅರಿಶಿನ ಕುಂಕುಮ ಹಚ್ಚಿದಳು. ತಂಡದ ಲೆಕ್ಕ ನೋಡುತ್ತಿದ್ದ ಹುಡುಗಿ, "ಆಂಟಿ, ವೆಯ್ಟ್!" ಅಂತ ಕೂಗಿಬಿಟ್ಟಳು. ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಡಬೇಕು ಅಂತ ನಮ್ಮ ಆಪರೇಟರ್. ಇಟ್ಟ. ನಿಂಬೆಹಣ್ಣು ಚಕ್ರಕ್ಕಿಂತ ದೊಡ್ಡದು, ಕಾರು ಅದರ ಮೇಲೆ ಕಪ್ಪೆಯ ಥರ ಕೂತಿತು. ಪೂಜೆ ಮುಗಿದ ಮೇಲೆ ಮಕ್ಕಳು ಸುಮ್ಮನಿರಲಾರದೆ ತಕ್ಕಡಿ ತಂದರು. ಕಾರು 50.4 ಗ್ರಾಂ, ಒಂದು ನಿಂಬೆಹಣ್ಣು 48. ಕುಂಕುಮ ಒರೆಸಿ ಮತ್ತೆ ತೂಗಿದರು. 50.3.

ಓಡಿಸಿ ನೋಡಲು ಜಾಗ ಬೇಕಿತ್ತು. ನನ್ನ ಶೆಡ್ 60 ಅಡಿ, ಅಂದರೆ 18 ಮೀಟರಿಗೆ ಚೂರು ಜಾಸ್ತಿ ಅಷ್ಟೇ. ಪಕ್ಕದ ಶೆಡ್ ಖಾಲಿ ಬಿದ್ದಿತ್ತು, ಓನರ್ ಭಾನುವಾರಕ್ಕೆ ಬೀಗದ ಕೈ ಕೊಟ್ಟರು. ಲಾಂಚ್ ಮಾಡುವ ಯಂತ್ರವನ್ನು ಇನ್ನೊಂದು ಶಾಲೆಯಿಂದ ಎರವಲು ತಂದರು. ಎಸ್.ಪಿ. ರೋಡಿನಿಂದ ಸೆನ್ಸರ್ ತಂದು ಟೈಮರ್ ತಾವೇ ಮಾಡಿಕೊಂಡರು. ಕೊನೆಯಲ್ಲಿ ಕಾರು ಹಿಡಿಯಲು ಹಳೇ ಟವೆಲ್‌ಗಳ ರಾಶಿ.

ಮೊದಲ ಸಲ ಬಿಟ್ಟಾಗ ನನಗೆ ಕಾರೇ ಕಾಣಲಿಲ್ಲ. 'ಟಪ್' ಅಂತ ಒಂದು ಸದ್ದು, ಒಂದಿಷ್ಟು ಬಿಳಿ ಹೊಗೆ, ಆ ಕಡೆ ಟವೆಲ್ ಅಲ್ಲಾಡುತ್ತಿತ್ತು. 1.31 ಸೆಕೆಂಡು. ಗಂಟೆಗೆ ಸರಾಸರಿ 55 ಕಿ.ಮೀ. ಅಂತ ಕನ್ನಡಕದ ಹುಡುಗ ಲೆಕ್ಕ ಹೇಳಿದ. ಪೀಣ್ಯದ ಟ್ರಾಫಿಕ್ಕಿನಲ್ಲಿ ನನ್ನ ಸ್ಕೂಟರ್ ಆ ಸ್ಪೀಡು ನೋಡಿ ಯಾವ ಕಾಲವಾಯಿತೋ. ಖಾಲಿ ಸಿಲಿಂಡರ್ ಮುಟ್ಟಿದರೆ ಐಸು, ಮೇಲೆ ಬಿಳಿ ಪದರ ಕಟ್ಟಿತ್ತು.

ಬೆಳಗ್ಗೆ ಏಳಕ್ಕೆ ಶುರು ಮಾಡಿದ್ದೆವು. ಹಳೇ ರೆಕ್ಕೆಯಲ್ಲಿ ಐದು ಓಟ, 1.30ರ ಆಸುಪಾಸು. ತಿಂಡಿ ತಿಂದು, ಹೊಸ ರೆಕ್ಕೆ ಅಂಟಿಸಿ, ಅದು ಒಣಗಿ ಮಧ್ಯಾಹ್ನ ಎರಡಕ್ಕೆ ಮತ್ತೆ ಬಿಟ್ಟರು. 1.22. 1.21. 1.23. ಕುಣಿದಾಡಿಬಿಟ್ಟರು. ಹೊಸ ರೆಕ್ಕೆ ಗೆದ್ದಿತು ಅಂತ, ಜಡ್ಜ್‌ಗಳಿಗೆ ಕೊಡುವ ಪೋರ್ಟ್‌ಫೋಲಿಯೊಗೆ ಗ್ರಾಫ್ ಕೂಡ ರೆಡಿ.

ಮುಂದಿನ ಭಾನುವಾರ ಬೆಳಗ್ಗೆ ಅದೇ ಹೊಸ ರೆಕ್ಕೆ, ಅದೇ ಕಾರು. 1.29.

ಜಗಳ ಶುರುವಾಯಿತು. ಟೈಮರ್ ಸರಿ ಇಲ್ಲ, ದಾರ ಸಡಿಲ, ನೀನು ಚಕ್ರ ಬೀಳಿಸಿದ್ದೆ, ಇಲ್ಲ ನೀನೇ. ಒಬ್ಬ ಅಳುವುದೊಂದು ಬಾಕಿ. ನನಗೂ ಗೊತ್ತಾಗಲಿಲ್ಲ. ಕೊನೆಗೆ ಮಗಳೇ ಸಿಲಿಂಡರ್ ಡಬ್ಬಿ ಹಿಡಿದು, "ಹೋದ ವಾರ ಮಧ್ಯಾಹ್ನ ಇದು ಎಲ್ಲಿತ್ತು?" ಅಂದಳು. ಕಿಟಕಿ ಪಕ್ಕ. ಬಿಸಿಲಿನಲ್ಲಿ.

ಸಿಲಿಂಡರಿನೊಳಗೆ ಆ ಗ್ಯಾಸು ದ್ರವವಾಗಿರುತ್ತದೆ. ಬಿಸಿಯಾದಂತೆ ಒತ್ತಡ ಏರುತ್ತದೆ. 17 ಡಿಗ್ರಿಯಲ್ಲಿ ಸುಮಾರು 53 ಬಾರ್ ಇದ್ದರೆ 27 ಡಿಗ್ರಿಯಲ್ಲಿ 67 ಬಾರ್. ಬೆಂಗಳೂರಿನ ನವೆಂಬರ್‌ನಲ್ಲಿ ಬೆಳಗ್ಗೆಗೂ ಮಧ್ಯಾಹ್ನಕ್ಕೂ ಇರುವ ವ್ಯತ್ಯಾಸ ಹೆಚ್ಚುಕಮ್ಮಿ ಅಷ್ಟೇ. ಗೆದ್ದಿದ್ದು ರೆಕ್ಕೆಯಲ್ಲ, ಬಿಸಿಲು. ಅಲ್ಲಿಂದ ಮುಂದೆ ಸಿಲಿಂಡರ್‌ಗಳನ್ನು ನೀರಿನ ಕ್ಯಾನ್ ಪಕ್ಕದ ನೆರಳಲ್ಲಿಟ್ಟು, ಪ್ರತಿ ಓಟದ ಮುಂಚೆ ಥರ್ಮಾಮೀಟರ್ ನೋಡಿ ಬರೆದರು. ಎರಡು ವಾರದ ಲೆಕ್ಕವೆಲ್ಲ ಕಸಕ್ಕೆ. ಹಳೇ ರೆಕ್ಕೆಗೂ ಹೊಸ ರೆಕ್ಕೆಗೂ 0.01 ಸೆಕೆಂಡಿನ ವ್ಯತ್ಯಾಸವೂ ಸಿಗಲಿಲ್ಲ. ಪ್ರಿಂಟ್ ಚಕ್ರ ತೆಗೆದು ಡೆಲ್ರಿನ್ ಚಕ್ರ ಹಾಕಿದಾಗ ಅದೇ ಬಿಸಿಯಲ್ಲಿ 0.06 ಸೆಕೆಂಡು ಉಳಿಯಿತು. ನಾನು ಏನೂ ಮಾತಾಡಲಿಲ್ಲ. ಟೀ ತರಿಸಿದೆ.

ಪೋರ್ಟ್‌ಫೋಲಿಯೊ, ಸ್ಟಾಲ್, ಭಾಷಣ, ಸ್ಪಾನ್ಸರ್, ಇದೆಲ್ಲ ನಾನು ದೂರದಿಂದ ನೋಡಿದ್ದು. ರೇಸಿಗೆ ಇರುವ ಅಂಕ ಒಟ್ಟಿನ ಅರ್ಧಕ್ಕಿಂತ ಕಡಿಮೆ ಅಂತ ಗೊತ್ತಾದಾಗ ನನಗೆ ಮೋಸ ಅನ್ನಿಸಿತ್ತು. ಈಗಲೂ ಸ್ವಲ್ಪ ಹಾಗೇ ಅನ್ನಿಸುತ್ತದೆ. ಚೆನ್ನಾಗಿ ಇಂಗ್ಲಿಷ್ ಮಾತಾಡುವ, ಸ್ಟಾಲಿಗೆ ಲಕ್ಷ ಸುರಿಯುವ ಶಾಲೆಗಳಿಗೆ ಅಲ್ಲಿ ಒಂದು ಕೈ ಮೇಲೆ. ನಮ್ಮವರು ಪೀಣ್ಯದಲ್ಲೇ ಬಾಗಿಲು ಬಾಗಿಲು ತಟ್ಟಿದರು. ಒಬ್ಬರು ಐದು ಸಾವಿರ ಕೊಟ್ಟರು. ಒಬ್ಬರು ಸ್ಕ್ರೂ ಕೊಟ್ಟರು. ಪೌಡರ್ ಕೋಟಿಂಗಿನವರು "ಪೇಂಟ್ ನಾವು ಹೊಡೆದುಕೊಡ್ತೀವಿ" ಅಂದರು, ಫೋಮ್ ಓವನ್ನಿಗೆ ಹೋದರೆ ಏನಾಗುತ್ತೆ ಅಂತ ಮಕ್ಕಳು ಕೈಮುಗಿದು ಬಂದರು.

ಜನವರಿಯಲ್ಲಿ ನ್ಯಾಷನಲ್ ಫೈನಲ್. ಬೇರೆ ರಾಜ್ಯ, ರಾತ್ರಿ ರೈಲು. ಹೊರಡುವ ಹಿಂದಿನ ದಿನ, ಸ್ಪರ್ಧೆಗೆ ಅಂತ ಮಾಡಿದ್ದ ಎರಡೂ ಕಾರು ಬಿಚ್ಚಿ, ಬಾಡಿಗಳನ್ನು ಸ್ಪಂಜು ಹಾಕಿದ ಊಟದ ಡಬ್ಬಿಗಳಲ್ಲಿ, ಎಂಟು ಚಕ್ರಗಳನ್ನು ಮಾತ್ರೆಯ ಡಬ್ಬಿಯಲ್ಲಿ ಇಟ್ಟು, ನನ್ನ ಶಾಪ್‌ನಲ್ಲೇ ಬಿಟ್ಟು ಮನೆಗೆ ಹೋದರು.

ನಾನು ಒಬ್ಬನೇ ಉಳಿದಿದ್ದೆ. ಸುಮ್ನೆ ಒಂದು ಚಕ್ರ ತೆಗೆದು ಟ್ಯೂಬ್‌ಲೈಟಿಗೆ ಹಿಡಿದೆ. ಅಂಚಿನಲ್ಲಿ ಕೂದಲೆಳೆಯಷ್ಟು ಬರ್, ಕಟ್ ಮಾಡಿದಾಗ ಉಳಿಯುವ ಚೂಪು ಎಳೆ. ನನ್ನ ಶಾಪ್‌ನಿಂದ ಬರ್ ಇರುವ ಪಾರ್ಟು ಹೊರಗೆ ಹೋಗುವುದಾ? ಹಳೇ ಲೇತ್ ಆನ್ ಮಾಡಿದೆ. ಎಂಟೂ ಚಕ್ರದ ಪಕ್ಕ ಸವರಿ ಒಂದೊಂದು ಫೇಸಿಂಗ್, 0.1 ಮಿ.ಮೀ. ಅಷ್ಟೆ. ಕನ್ನಡಿಯಂತಾದವು. ಡ್ರಾಯಿಂಗ್ ಅಲ್ಲೇ ಗೋಡೆಗೆ ಅಂಟಿಸಿತ್ತು. ಬೇರೆ ಯಾರದ್ದೇ ಪಾರ್ಟ್ ಆಗಿದ್ದರೂ ಡ್ರಾಯಿಂಗ್ ನೋಡದೆ ಮುಟ್ಟುತ್ತಿರಲಿಲ್ಲ. ಮಗಳದ್ದಲ್ವಾ ಅಂತ ಮುಟ್ಟಿದೆ.

ಅಲ್ಲಿ ಹಾಲ್‌ನಲ್ಲಿ ಕಾರುಗಳನ್ನು ಒಪ್ಪಿಸಿದ ಮೇಲೆ ತಂಡದವರೂ ಮುಟ್ಟುವಂತಿಲ್ಲ. ಅಪ್ಪ ಅಮ್ಮಂದಿರೆಲ್ಲ ಹಗ್ಗದ ಈಚೆ. ಜಡ್ಜ್‌ಗಳು ಬಿಳಿ ಗ್ಲವ್ಸ್ ಹಾಕಿಕೊಂಡು ಒಂದೊಂದೇ ಅಳತೆ ನೋಡುತ್ತಿದ್ದರು. ತೂಕ ಸರಿ. ಉದ್ದ ಸರಿ. ಆಮೇಲೆ ಚಕ್ರದ ಅಗಲಕ್ಕೆ ಗೋ–ನೋ ಗೋ ಗೇಜ್ ತೆಗೆದರು. ಅಳತೆ ಸರಿಯಿದ್ದರೆ ಪಾರ್ಟು ಅದರ ಒಂದು ಬಾಯಿಗೆ ಹೋಗಬೇಕು, ಇನ್ನೊಂದಕ್ಕೆ ಹೋಗಬಾರದು. ಅದು ನನ್ನ ದಿನನಿತ್ಯದ ಸಾಮಾನು. ಚಕ್ರ ಹೋಗಬಾರದ ಬಾಯಿಯೊಳಗೆ ಸಲೀಸಾಗಿ ಹೋಯಿತು. ಜಡ್ಜ್ ಇನ್ನೊಂದು ಚಕ್ರ ನೋಡಿದರು. ಅದೂ ಹೋಯಿತು. ಬರೆದುಕೊಂಡರು. ಎರಡನೇ ಕಾರಿನದ್ದೂ ಹಾಗೇ.

0.1 ತೆಗೆದರೆ 0.05 ಕಮ್ಮಿ. ಈ ಲೆಕ್ಕಕ್ಕೆ ಡಿಪ್ಲೊಮಾ ಬೇಕಾಗಿರಲಿಲ್ಲ.

ಅಂಕ ಕಡಿತ, ಆದರೆ ಓಡಲು ಬಿಟ್ಟರು. ಮಕ್ಕಳು ಸ್ಟಾಲಿಗೆ ಬಂದು ಡ್ರಾಯಿಂಗ್ ಬಿಚ್ಚಿ ಒಬ್ಬರ ಮುಖ ಒಬ್ಬರು ನೋಡುತ್ತಿದ್ದರು. ಚಕ್ರ ಅಳೆದು ಸಹಿ ಹಾಕಿದ್ದು ಕನ್ನಡಕದ ಹುಡುಗ. ಅವನ ಕಿವಿ ಕೆಂಪಾಗಿತ್ತು. ಅದನ್ನು ನೋಡಿದ ಮೇಲೆ ನನಗೆ ಸುಮ್ಮನಿರಲು ಆಗಲಿಲ್ಲ. ಹಗ್ಗ ದಾಟಿ ಹೋಗಿ ಹೇಳಿದೆ. ಅವನದ್ದು ತಪ್ಪಿಲ್ಲ, ಹೊರಡುವ ಹಿಂದಿನ ರಾತ್ರಿ ನಾನು ಲೇತಿಗೆ ಹಾಕಿದೆ ಅಂತ.

ಯಾರೂ ಏನೂ ಅನ್ನಲಿಲ್ಲ. ಮಗಳು ನನ್ನನ್ನು ಒಂದು ಸಲ ನೋಡಿ, "ಅಪ್ಪ, ನೀನು ಹೋಗಿ ಕೂತ್ಕೊ," ಅಂದಳು.

ರೇಸ್ ಚೆನ್ನಾಗಿಯೇ ಆಯಿತು. ಐದು ಕೆಂಪು ದೀಪ ಹತ್ತಿ, ಒಟ್ಟಿಗೆ ಆರುತ್ತವೆ. ಆರಿದ ತಕ್ಷಣ ಬಟನ್ ಒತ್ತಬೇಕು. ಮನುಷ್ಯನ ಬೆರಳಿಗೆ ಅದಕ್ಕೆ ಸುಮಾರು 0.2 ಸೆಕೆಂಡು ಬೇಕು. ತಿಂಗಳುಗಟ್ಟಲೆ ಉಜ್ಜಿ ತೊಳೆದು ಉಳಿಸಿದ್ದೆಲ್ಲ ಅಲ್ಲೇ ಹೋಗಬಹುದು. ನಮ್ಮ ಬಟನ್ ಹುಡುಗಿ, ಅದೇ ಕುಂಕುಮಕ್ಕೆ ಕೂಗಿದವಳು, 0.17ಕ್ಕೆ ಒತ್ತಿದಳು. ಸಿಲಿಂಡರ್ ಎಲ್ಲರಿಗೂ ಅವರೇ ಕೊಟ್ಟದ್ದು, ಬಿಸಿಲಿನ ಆಟ ಇಲ್ಲ. 1.18, ಆಮೇಲೆ 1.16. ಅದುವರೆಗಿನ ಅವರ ಅತಿ ಒಳ್ಳೆಯ ಟೈಮ್. ನಾಕೌಟ್‌ನ ಎರಡನೇ ಸುತ್ತಿನಲ್ಲಿ ಅದೇ ಹುಡುಗಿ ದೀಪ ಆರುವ ಮೊದಲೇ ಒತ್ತಿಬಿಟ್ಟಳು, ತಂಡ ಹೊರಬಿತ್ತು. ಒಟ್ಟು ಅಂಕದಲ್ಲಿ ಮಧ್ಯದಲ್ಲೆಲ್ಲೋ ನಿಂತರು. ಕಡಿತವಾದ ಅಂಕ ಸೇರಿಸಿದ್ದರೆ ಎಷ್ಟು ಸ್ಥಾನ ಮೇಲೆ ಹೋಗುತ್ತಿತ್ತು ಅಂತ ನಾನು ರೈಲಿನಲ್ಲಿ ಲೆಕ್ಕ ಹಾಕಿದೆ. ಇಲ್ಲಿ ಬರೆಯುವುದಿಲ್ಲ.

ಊರಿಗೆ ಬಂದ ಸೋಮವಾರ ನನ್ನ ಮೇಜಿನ ಮೇಲೆ ಒಂದು ಕಾಗದ ಇತ್ತು. ಕಸ್ಟಮರ್‌ಗಳು ಮಾಲು ವಾಪಸ್ ಕಳಿಸುವಾಗ ಇಡುತ್ತಾರಲ್ಲ, ಅಂಥ ರಿಜೆಕ್ಷನ್ ನೋಟ್. ನಮ್ಮ ಫೈಲಿನಲ್ಲಿದ್ದ ಹಳೆಯದೊಂದನ್ನು ನೋಡಿ ಬರೆದಿದ್ದಳು. ಪಾರ್ಟ್: ಚಕ್ರ. ಸಂಖ್ಯೆ: 8. ಕಾರಣ: ಡ್ರಾಯಿಂಗ್ ಪ್ರಕಾರ ಇಲ್ಲ. ಕ್ರಮ: ಸ್ಕ್ರ್ಯಾಪ್. ಕೆಳಗೆ ಆರೂ ಜನರ ಸಹಿ. ನಮ್ಮ ಆಪರೇಟರ್ ಅದನ್ನು ಓದಿ, ಆ ಕಡೆ ತಿರುಗಿ, ಭುಜ ಕುಣಿಸುತ್ತಾ ನಗುತ್ತಿದ್ದ.

ಜೂನ್‌ನಲ್ಲಿ ಹೊಸ ಡ್ರಾಯಿಂಗ್ ಬಂತು. ಬಾಡಿ ಬೇರೆ, ಮೂಗು ಬೇರೆ. ಚಕ್ರ ಹೆಚ್ಚುಕಮ್ಮಿ ಅದೇ. ಅಗಲದ ಅಳತೆ ಮಾತ್ರ ಕನಿಷ್ಠಕ್ಕಿಂತ 0.20 ಜಾಸ್ತಿ ಇತ್ತು.

"ಯಾಕಮ್ಮ ಇಷ್ಟು ಬಿಟ್ಟಿದ್ದೀಯ? ತೂಕ ಜಾಸ್ತಿ ಆಗಲ್ವಾ?"

"ಆಗತ್ತೆ," ಅಂದಳು. "ನಿನ್ನ ಕೈಗೆ ಅಂತ ಬಿಟ್ಟಿದ್ದೀವಿ."